ಆರಿದ್ರವ್ವನ ಬಾಣಂತನ

ಮಕ್ತಲ್ ಬಸ್ ನಿಲ್ದಾಣದ ಎದುರು ಬೀಜ, ಗೊಬ್ಬರ, ಔಷಧಿ ಮಾರುವ ಅಂಗಡಿಯೊಂದಿದೆ. ಅಂಗಡಿ ಉದಯಕುಮಾರನದು. ಮೆಣಸಿನ ಗಿಡಕ್ಕೆ ನುಸಿ ಬಿದ್ದು ಎಲೆ ಮುದುಡಿದರೆ ಸುತ್ತಲಿನ ಹಳ್ಳಿಯವರು ಆ ಎಲೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಅವನ ಹತ್ತಿರ ಬರುತ್ತಾರೆ. ಅವನು ಎಲೆ ತಿರುಗಿಸಿ ನೋಡಿ, ಹಿಂದಿನ ಕಪಾಟಿನಿಂದ ಒಂದು ಡಬ್ಬಿ ತೆಗೆದು ಕೊಡುತ್ತಾನೆ. ವಾರ ಕಳೆಯುವುದರೊಳಗೆ ಆ ಹೊಲದ ನುಸಿಗಳ ವಂಶ ನಿರ್ನಾಮ. ಇಂಥವನ ಹೆಂಡತಿ ಅದೇ ನುಸಿಗಳ ಜಾತಿಯ ಒಂದು ಜೀವವನ್ನು ಮನೆಯಲ್ಲಿ ಬಾಟಲಿಯೊಳಗಿಟ್ಟು ಸಾಕುತ್ತಿದ್ದಳು ಎಂದರೆ ಯಾರಿಗಾದರೂ ನಗು ಬರುವುದೇ. ಅಂಗಡಿಯ ಮುಂದೆ ಚಹಾ ಕುಡಿಯುವವರು ನಕ್ಕರು ಕೂಡ. ಉದಯಕುಮಾರ ಅವರಿಗಿಂತ ಜೋರಾಗಿ ನಕ್ಕ. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಹೆಂಡತಿಯ ಹಠ ಗೊತ್ತಿರುತ್ತದೆ.

ಆಕೆಯ ಹೆಸರು ಗುರುಲಿಂಗಮ್ಮ. ನಾರಾಯಣಪೇಟೆಯ ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ. ಗಡಿಸೀಮೆಯಾದ್ದರಿಂದ ಮನೆಯಲ್ಲಿ ಕನ್ನಡ, ಪಾಠ ತೆಲುಗಿನಲ್ಲಿ, ಕಂಡಕ್ಟರನ ಜೊತೆ ಚಿಲ್ಲರೆಯ ಜಗಳ ಉರ್ದುವಿನಲ್ಲಿ. ನಾರಾಯಣಪೇಟೆಯವರು ಅವಳನ್ನು ಕನ್ನಡದ ಮೇಡಂ ಎನ್ನುತ್ತಾರೆ. ರಾಯಚೂರಿಗೆ ಮದುವೆಗೆ ಹೋದರೆ ನೆಂಟರು, "ತೆಲುಗಿನವ್ರು ಬಂದ್ರು ನೋಡ್ರಿ" ಎನ್ನುತ್ತಾರೆ. ಅವಳಿಗೆ ಎರಡಕ್ಕೂ ಬೇಸರವಿಲ್ಲ. ಯಾವ ಜೀವವನ್ನು ಯಾವ ಗುಂಪಿಗೆ ಸೇರಿಸಬೇಕೆನ್ನುವುದು ಸುಲಭದ ಮಾತಲ್ಲ ಎಂದು ಅವಳ ವಿದ್ಯೆಯೇ ಅವಳಿಗೆ ಕಲಿಸಿದೆ.

ಅವಳ ಹಠವೆಲ್ಲ ಒಂದು ಕೆಂಪು ಹುಳದ ಮೇಲೆ. ಮುಂಗಾರಿನ ಮೊದಲ ಮಿರಗದ ಮಳೆ ಕಪ್ಪು ಎರೆಮಣ್ಣಿಗೆ ಬಿದ್ದು, ಮರುದಿನ ಬಿಸಿಲು ಮೂಡಿದಾಗ, ಹೊಲದ ತುಂಬ ಕೆಂಪು ಮಖಮಲ್ಲಿನ ಗುಂಡಿಗಳು ಓಡಾಡುತ್ತವಲ್ಲ, ಅದು. ತೆಲುಗಿನವರಿಗೆ ಆರುದ್ರ ಪುರುಗು, ಹಕೀಮರಿಗೆ ಬೀರ್ ಬಹುಟಿ, ಪುಸ್ತಕದ ಕನ್ನಡದಲ್ಲಿ ಇಂದ್ರಗೋಪ. ಗುರುಲಿಂಗಮ್ಮನ ಅತ್ತೆ ಬುಗ್ಗಮ್ಮನ ಬಾಯಲ್ಲಿ ಮಾತ್ರ ಅದು ಹುಳವಲ್ಲ, ಆರಿದ್ರವ್ವ. ಮುಟ್ಟಿದರೆ ಕಾಲು ಮಡಚಿಕೊಂಡು ಸತ್ತಂತೆ ಬಿದ್ದುಕೊಳ್ಳುವ, ಬಿಟ್ಟರೆ ಎದ್ದು ನಡೆಯುವ ಆ ಮೃದು ಜೀವವನ್ನು ಚಿಕ್ಕಂದಿನಲ್ಲಿ ಅಂಗೈಯಲ್ಲಿ ಇಟ್ಟುಕೊಳ್ಳದವರು ಈ ಸೀಮೆಯಲ್ಲಿ ಇಲ್ಲ.

ಗುರುಲಿಂಗಮ್ಮ ಕಾಲೇಜಿಗೆ ಸೇರಿದ ವರ್ಷ ಗಾಜಿನ ಕಪಾಟಿನಲ್ಲಿ ಇದೇ ಹುಳ ಸ್ಪಿರಿಟ್ ಸೀಸೆಯೊಳಗೆ ಕೂತಿತ್ತು, ಅದೂ ಕೀಟಗಳ ಸಾಲಿನಲ್ಲಿ, ಜೀರುಂಡೆ ಮತ್ತು ಚಿಟ್ಟೆಗಳ ನಡುವೆ. ಅವಳು ಮೊದಲ ವಾರವೇ ಅದನ್ನು ಕೆಳಗಿನ ಸಾಲಿಗೆ, ಚೇಳು, ಜೇಡ, ಉಣ್ಣಿಗಳ ಪಕ್ಕಕ್ಕೆ ಇಳಿಸಿದಳು. ವಿಭಾಗದ ಹಿರಿಯರಾದ ಬಾಲಯ್ಯ ಸರ್ ಕನ್ನಡಕ ಹಣೆಗೇರಿಸಿ, ಯಾರನ್ನು ಕೇಳಿ ಇಳಿಸಿದೆ ಎಂದರು. ಕಾಲು ಎಣಿಸಿ ಸಾರ್ ಎಂದಳು. ಅವರು ಎಣಿಸಿದರು. ಕೀಟಕ್ಕೆ ಆರು, ಇದಕ್ಕೆ ಎಂಟು. ಸೋಲನ್ನು ಒಪ್ಪದ ಮನುಷ್ಯ, ಸೀಸೆಯ ಹೊಸ ಚೀಟಿಯ ಮೇಲೆ "ಟ್ರಾಂಬಿಡಿಯಂ" ಎಂದು ಬರೆದು ಪಕ್ಕದಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. "ನೀನೇ ಉತ್ತರ ಹುಡುಕು" ಎಂದರು. ಅವರು ನಿವೃತ್ತರಾಗಿ ಮಗನ ಊರು ಸೇರಿ ಎಷ್ಟೋ ಕಾಲವಾಯಿತು. ಚಿಹ್ನೆ ಅಲ್ಲೇ ಉಳಿಯಿತು. ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ ಅದು ಗುರುಲಿಂಗಮ್ಮನ ಹಲ್ಲಿಗೆ ತಾಗುತ್ತಲೇ ಇತ್ತು.

ಉತ್ತರವೇನು ಸುಲಭಕ್ಕೆ ಸಿಗುವಂಥದ್ದಲ್ಲ. ನುಸಿಗಳ ವಿಷಯದಲ್ಲಿ ದೊಡ್ಡ ಹೆಸರು ಮಾಡಿದ ಚಂದ್ರಕಾಂತ್ ಎನ್ನುವ ವಿಜ್ಞಾನಿಗೆ ಅವಳು ಫೋನು ಮಾಡಿ ಪರಿಚಯ ಹೇಳಿಕೊಂಡಳು. ದೂರದ ಕೃಷಿ ವಿಶ್ವವಿದ್ಯಾಲಯದವರು. ಒಳ್ಳೆಯ ಮನುಷ್ಯ, ಮಾತು ಮಾತ್ರ ನೇರ.

"ನೋಡಿ ಮೇಡಂ, ದೊಡ್ಡ ಹುಳ ನೋಡಿ ಕುಟುಂಬ ಹೇಳಬಹುದು. ಟ್ರಾಂಬಿಡಿಡೇ, ಅದರಲ್ಲಿ ಅನುಮಾನವಿಲ್ಲ. ಅದರೊಳಗೆ ಯಾವ ಕುಲ, ಯಾವ ಜಾತಿ ಅಂತ ಗಟ್ಟಿಯಾಗಿ ಹೇಳಬೇಕಾದರೆ ಮರಿ ಬೇಕು. ಮರಿಯ ಬೆನ್ನಿನ ಫಲಕ, ಅದರ ಮೇಲಿನ ಕೂದಲು, ಕಾಲಿನ ಉಗುರು, ಇವುಗಳ ಮೇಲೇ ವರ್ಗೀಕರಣ ನಿಂತಿರೋದು. ಹೊಲದಲ್ಲಿ ಸಿಕ್ಕಿದ ಮರಿ ಆಗೋದಿಲ್ಲ. ಅದು ಯಾರ ಮರಿಯೋ ಯಾರಿಗೆ ಗೊತ್ತು? ತಾಯಿಯನ್ನು ಸಾಕಿ, ಮೊಟ್ಟೆ ಇಡಿಸಿ, ತಾಯಿ ಮಕ್ಕಳು ಇಬ್ಬರನ್ನೂ ಒಂದೇ ಬಾಟಲಿಯಿಂದ ಕಳಿಸಿ. ಆಮೇಲೆ ಮಾತಾಡೋಣ."

ಇದು ಸಣ್ಣ ಕೆಲಸವಲ್ಲ. ಹಿಂದೆ ಎಷ್ಟೋ ವಿದ್ವಾಂಸರು ಮರಿಯೊಂದಕ್ಕೆ ಒಂದು ಹೆಸರು, ಅದೇ ಜೀವ ಬೆಳೆದ ಮೇಲೆ ಇನ್ನೊಂದು ಹೆಸರು ಕೊಟ್ಟು, ತಾಯಿ ಮಕ್ಕಳನ್ನು ಬೇರೆ ಬೇರೆ ಮನೆಯವರೆಂದು ಬರೆದಿಟ್ಟದ್ದುಂಟು. ಗುರುಲಿಂಗಮ್ಮನೂ ಪ್ರತಿ ಮಳೆಗಾಲ ಕಾಲೇಜಿನ ಕೋಣೆಯಲ್ಲಿ ಪ್ರಯತ್ನ ಮಾಡಿದಳು. ಒಂದು ಸಲ ರಜೆಯಲ್ಲಿ ಮಣ್ಣು ಒಣಗಿತು. ಒಂದು ಸಲ ನೀರು ಹೆಚ್ಚಾಗಿ ಬೂಸಲು ಬಂತು. ಮತ್ತೊಂದು ಸಲ ಇರುವೆಗಳು ಹಬ್ಬ ಮಾಡಿದವು. ಈ ಸಲ ಅವಳು ಮನಸ್ಸು ಗಟ್ಟಿ ಮಾಡಿ ಬಾಟಲಿಗಳನ್ನು ಮನೆಗೇ ತಂದಳು. ಮುಂದಿನ ಮಳೆಗಾಲಕ್ಕೆ ಚಂದ್ರಕಾಂತ್ ಅವರೂ ನಿವೃತ್ತರು. ಸೂಕ್ಷ್ಮದರ್ಶಕ ಬಿಟ್ಟು ತೋಟ ಮಾಡುತ್ತೇನೆ ಎಂದು ಆಗಲೇ ಹೇಳಿದ್ದರು. ಈ ವರ್ಷ ಆಗದಿದ್ದರೆ ಆ ಪ್ರಶ್ನಾರ್ಥಕ ಚಿಹ್ನೆ ತನ್ನ ನಂತರವೂ ಕಪಾಟಿನಲ್ಲಿ ಕೂತಿರುತ್ತದೆ ಎನ್ನುವುದು ಗುರುಲಿಂಗಮ್ಮನಿಗೆ ಖಾತ್ರಿಯಾಗಿತ್ತು.

ನಾಲ್ಕು ಅಗಲ ಬಾಯಿಯ ಬಾಟಲಿ, ತಳದಲ್ಲಿ ತಮ್ಮದೇ ಹೊಲದ ಎರೆಮಣ್ಣು, ಒಂದೊಂದರಲ್ಲಿ ಒಂದೊಂದು ಹುಳ, ಬಾಯಿಗೆ ತೆಳು ಬಟ್ಟೆ. ತಿನ್ನಲು ಬದುವಿನ ಹುತ್ತದಿಂದ ಗೆದ್ದಲು. ಇವನ್ನು ಒಳಕೋಣೆಯಲ್ಲಿ ನೀರಿನ ಗಡಿಗೆಯ ಪಕ್ಕದ ತಂಪಿನಲ್ಲಿ ಇಟ್ಟಳು. ನಾಲ್ಕರಲ್ಲಿ ಒಂದರ ಹೊಟ್ಟೆ ಉಬ್ಬಿ ಉಬ್ಬಿ ತೊಗರಿ ಕಾಳಿನಿಂದ ಕಡಲೆಯ ಗಾತ್ರಕ್ಕೆ ಬಂದಿತ್ತು. ಆ ಬಾಟಲಿಯ ಕೊರಳಿಗೆ ಅವಳು ಕೆಂಪು ದಾರ ಕಟ್ಟಿದಳು. ಗಂಡನಿಗೆ ಹೇಳಿದಳು, ಚಂದ್ರಕಾಂತ್ ಅವರಿಗೆ ಫೋನಿನಲ್ಲಿ ಹೇಳಿದಳು, ಕೋಸಗಿಗೆ ಮದುವೆ ಮಾಡಿಕೊಟ್ಟ ಮಗಳು ಉಮಾಶ್ರೀಗೂ ಹೇಳಿದಳು. ದಿನವಿಡೀ ಮನೆಯಲ್ಲಿರುವ ಅತ್ತೆಗೆ ಮಾತ್ರ, "ಅತ್ತೀ, ಇವು ಕಾಲೇಜಿನವು, ಮುಟ್ಟಬ್ಯಾಡ್ರಿ" ಎಂದಷ್ಟೇ ಹೇಳಿ ಬಸ್ಸು ಹತ್ತಿದಳು.

ಬುಗ್ಗಮ್ಮನಿಗೆ ಎಂಬತ್ತರ ಹತ್ತಿರ. ಬೆನ್ನು ಬಾಗಿದೆ, ದನಿ ಬಾಗಿಲ್ಲ. ಮಕ್ತಲ್ಲಿನ ಅರ್ಧ ಮದುವೆಗಳನ್ನು ಕೂಡಿಸಿದವಳು ಅವಳೇ. ಯಾರದು ಯಾವ ಮನೆತನ, ಅದರೊಳಗೆ ಯಾವ ಬೆಡಗು ಎಂಬ ಕವಲು, ಯಾವ ಊರಿಂದ ಬಂದವರು ಎನ್ನುವುದು ಅವಳ ನಾಲಿಗೆಯ ತುದಿಯಲ್ಲಿ. ಮುಟ್ಟಬೇಡ ಎಂದ ಮೇಲೆ ಮುಟ್ಟಲಿಲ್ಲ. ಆದರೆ ದಿನಕ್ಕೆ ಹತ್ತು ಸಲ ಆ ಬಾಟಲಿಗಳ ಮುಂದೆ ಕೂತು ನೋಡುತ್ತಿದ್ದಳು, ಮತ್ತು ಮಿರಗದ ಬೆನ್ನಿಗೆ ಬಂದ ಆರಿದ್ರ ಮಳೆ ಮುಗಿಯುತ್ತ ಬಂದ ಹಾಗೆ ಅವಳ ಚಡಪಡಿಕೆ ಹೆಚ್ಚಾಯಿತು.

ಅದಕ್ಕೆ ಕಾರಣವಿತ್ತು. ಆ ಮನೆಯಲ್ಲಿ ಬುಗ್ಗಮ್ಮನ ಅತ್ತೆಯ ಕಾಲದಿಂದ ನಡೆದು ಬಂದ ಒಂದು ಪದ್ಧತಿಯಿದೆ. ಆರಿದ್ರವ್ವ ಎಂದರೆ ತವರಿಗೆ ಬಂದ ಹೆಣ್ಣುಮಗಳು. ವರ್ಷಕ್ಕೊಮ್ಮೆ ಕೆಂಪು ಸೀರೆ ಉಟ್ಟು ಬರುತ್ತಾಳೆ. ಮನೆಯ ಮಕ್ಕಳು ಆಡಲು ತಂದರೆ ಬೇಡವೆನ್ನುವುದಿಲ್ಲ, ಆದರೆ ಆರಿದ್ರ ಮಳೆ ದಾಟುವುದರೊಳಗೆ ಅರಿಷಿಣ ಕುಂಕುಮ ತೋರಿಸಿ, ನಾಲ್ಕು ಜೋಳದ ಕಾಳಿನ ಉಡಿ ತುಂಬಿ, ತಂದ ಹೊಲಕ್ಕೇ ಬಿಟ್ಟು ಬರಬೇಕು. ಮಳೆ ದಾಟಿ ಇಟ್ಟುಕೊಂಡರೆ ಗಂಡನ ಮನೆಗೆ ಕಳಿಸದೆ ಮಗಳನ್ನು ತಡೆದಿಟ್ಟ ಹಾಗೆ. ಆ ಮನೆಗೆ ಒಳ್ಳೆಯದಲ್ಲ. ಗುರುಲಿಂಗಮ್ಮನಿಗೆ ಈ ಪದ್ಧತಿ ಗೊತ್ತಿಲ್ಲದ್ದೇನಲ್ಲ. ಕಾಲೇಜಿನ ಬಾಟಲಿಗೆ ಅದು ತಾಗುತ್ತದೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಮಳೆಯ ಕೊನೆಯ ದಿನ ಗುರುಲಿಂಗಮ್ಮನಿಗೆ ಪರೀಕ್ಷೆಯ ಕೆಲಸ. ಬೆಳಿಗ್ಗೆ ಬೇಗ ಹೋದವಳು ಸಂಜೆ ಬಂದು, ಚಪ್ಪಲಿ ಬಿಟ್ಟು, ನೆಟ್ಟಗೆ ಒಳಕೋಣೆಗೆ ನಡೆದಳು. ಗಡಿಗೆಯ ಪಕ್ಕ ಏನೂ ಇಲ್ಲ. ಹಿತ್ತಲಿಗೆ ಹೋದರೆ ಒಗೆಯುವ ಕಲ್ಲಿನ ಮೇಲೆ ನಾಲ್ಕು ಬಾಟಲಿಗಳು ಬೋರಲು ಮಲಗಿದ್ದವು. ತೊಳೆದು ತಳತಳ ಹೊಳೆಯುತ್ತಿದ್ದವು. ಕೆಂಪು ದಾರವನ್ನು ಕೂಡ ಬಿಚ್ಚಿ, ಒಗೆದು, ಹಗ್ಗದ ಮೇಲೆ ಒಣಹಾಕಲಾಗಿತ್ತು.



"ಅತ್ತೀ! ಬಾಟ್ಲಿ ಯಾರು ತೊಳದ್ರು?"

ಬುಗ್ಗಮ್ಮ ಪಡಸಾಲೆಯಿಂದ ಸಮಾಧಾನವಾಗಿ ಹೇಳಿದಳು: "ನಾನ ತೊಳದೆನವ್ವ. ಇವತ್ತಿಗೆ ಆರಿದ್ರ ಮುಗೀತು. ನಿನಗ ಪುರಸೊತ್ತಿಲ್ಲಂತ ನಾನ ತಾಯಣ್ಣನ ಆಟೋದಾಗ ಹೊಲಕ್ಕ ಹೋಗಿ, ಉಡಿ ತುಂಬಿ ಬಿಟ್ಟು ಬಂದೆ. ಎಷ್ಟು ಚಂದ ನಡಕೋತ ಹೋದ್ರು ಅಂತಿ!"

ಗುರುಲಿಂಗಮ್ಮ ಒಗೆಯುವ ಕಲ್ಲಿನ ಪಕ್ಕ ಕೂತಳು. ಈ ಮನೆಗೆ ಬಂದ ಮೇಲೆ ಅತ್ತೆಗೆ ಎದುರು ಮಾತಾಡಿದ್ದು ಬೆರಳೆಣಿಕೆಯಷ್ಟು. ಅಂದು ಬಾಯಿ ಬಿಟ್ಟಳು.

"ಮುಟ್ಟಬ್ಯಾಡ್ರಿ ಅಂದಿದ್ದೆನೋ ಇಲ್ಲೋ? ಎಷ್ಟು ವರ್ಷದಿಂದ ಇದಕ್ಕ ಕಾಯಾಕ ಹತ್ತೀನಿ ಗೊತ್ತೈತೇನು ನಿಮಗ? ನಿಮ್ಮ ಉಡಿ, ನಿಮ್ಮ ಅರಿಷಿಣ! ಅದು ಬಸುರಿ ಇತ್ತರಿ ಅತ್ತಿ! ಇವತ್ತೋ ನಾಳೆಯೋ ತತ್ತಿ ಇಡೋದಿತ್ತು. ತುಂಬಿದ ಬಸುರಿನ್ನ ಒಯ್ದು ಹೊಲದಾಗ ಬಿಟ್ಟು ಬಂದೀರಲ್ಲ!"

ಹೊಸ್ತಿಲ ಹತ್ತಿರ ಬಂದಿದ್ದ ಬುಗ್ಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮುಖದ ಸಮಾಧಾನವೆಲ್ಲ ಇಳಿದು ಹೋಯಿತು.

"ಬಸುರೀನ?" ಎಂದಳು. "ಯಾಕ ಹೇಳಲಿಲ್ಲ ನನಗ? ಬಸುರಿ ಮಗಳನ್ನ ತವರಿನಿಂದ ಯಾರರ ಕಳಸ್ತಾರೇನು? ಬಾಣಂತನ ಮುಗಿಸೇ ಕಳಸ್ತಾರ! ಇಡೀ ಊರಿಗೆ ಹೇಳಿ, ಮನ್ಯಾಗಿದ್ದ ನನಗ ಹೇಳಲಿಲ್ಲಲ್ಲ ಗುರುಲಿಂಗಿ. ಹೇಳಿದ್ರ ನಾ ಇದರ ಮುಂದ ಕಾವಲ ಕುಂದರ್ತಿದ್ದೆ."



ಆ ಮಾತು ಗುರುಲಿಂಗಮ್ಮನಿಗೆ ಇನ್ನೊಂದು ದಿನದ ನೆನಪು ತಂದಿತು. ಅವಳ ತವರು ಗದ್ವಾಲ. ಕೋಟೆಯ ಹಿಂದಿನ ಓಣಿಯಲ್ಲಿ ಅವಳ ಅಪ್ಪನ ಕಿರಾಣಿ ಅಂಗಡಿ. ತಾಯಿ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಉಮಾಶ್ರೀ ಹೊಟ್ಟೆಯಲ್ಲಿದ್ದಾಗ ಪದ್ಧತಿಯಂತೆ ಕರೆದೊಯ್ಯಲು ಅಪ್ಪ ಬಂದ. ಹೆಂಗಸಿಲ್ಲದ ಮನೆಗೆ, ಅಕ್ಕಿ ಮೂಟೆಗಳ ನಡುವೆ ಮಗಳನ್ನು ಹೇಗೆ ನೋಡಿಕೊಳ್ಳುವುದೆಂಬ ಚಿಂತೆ ಅವನ ಮುಖದ ಮೇಲೆಯೇ ಬರೆದಿತ್ತು. ಗುರುಲಿಂಗಮ್ಮ ಚೀಲ ಕಟ್ಟಿಕೊಂಡು ನಿಂತಿದ್ದಳು. ಬುಗ್ಗಮ್ಮ ಆ ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗಿಟ್ಟು, "ಬೀಗರ, ನೀವು ಉಂಡು ಹೋಗ್ರಿ. ಈಕಿ ತವರು ಇಲ್ಲೇ ಐತಿ" ಎಂದಿದ್ದಳು. ಅಪ್ಪ ಆ ದಿನ ಜೂರಾಲ ಅಣೆಕಟ್ಟು ದಾಟುವವರೆಗೂ ಬಸ್ಸಿನಲ್ಲಿ ಕಣ್ಣೊರೆಸಿಕೊಂಡನಂತೆ, ಆಮೇಲೆ ಅವನೇ ಹೇಳಿದ. ಬಿಸಿನೀರು ಎರೆದದ್ದು, ಖಾರದ ಸಾರು ಉಣ್ಣಿಸಿದ್ದು, ಕೂಸು ಅತ್ತಾಗ ಎದ್ದು ತೂಗಿದ್ದು ಎಲ್ಲ ಈ ಮುದುಕಿಯೇ. ಅಂಥವಳಿಗೆ, ಒಂದು ಬಸುರಿನ ಸುದ್ದಿಯನ್ನು, ಇವಳಿಗೇನು ತಿಳಿಯುತ್ತದೆ ಎಂದು ಹೇಳದೇ ಹೋದೆನಲ್ಲ ಎಂದು ಗುರುಲಿಂಗಮ್ಮನಿಗೆ ನಾಚಿಕೆಯಾಯಿತು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ತಪ್ಪಾತರಿ ಅತ್ತಿ" ಎಂದಳು. "ಹೇಳಬೇಕಿತ್ತು."

ಬುಗ್ಗಮ್ಮ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ನೆನಪು ಮಾಡಿಕೊಳ್ಳುತ್ತಿದ್ದಳು. "ತಡಿ. ಯಾವ ಬಾಟ್ಲಿ ಬಸುರಿದು?"

"ಕೆಂಪು ದಾರದ್ದು."

"ಅದರಾಗ ಯಾರೂ ಇದ್ದಿದ್ದಿಲ್ಲಲ್ಲ!" ಎಂದಳು ಬುಗ್ಗಮ್ಮ. "ಮೂರ ಮಂದಿಯನ್ನ ನಾ ಬಿಟ್ಟು ಬಂದದ್ದು. ದಾರದ ಬಾಟ್ಲ್ಯಾಗ ಬರೇ ಮಣ್ಣಿತ್ತು. ಹೆಂಗೋ ಹೋಗ್ಯಾಳ ತನ್ನ ಪಾಡಿಗೆ ತಾನು ಅಂದ್ಕೊಂಡೆ."

ಗುರುಲಿಂಗಮ್ಮ ಎದ್ದು ನಿಂತಳು. ತತ್ತಿ ಇಡುವ ಹೊತ್ತಿಗೆ ಹೆಣ್ಣುಹುಳ ಮಣ್ಣಿನ ಆಳಕ್ಕೆ ಇಳಿಯುತ್ತದೆ. ಮೇಲೆ ಕಾಣದಿದ್ದರೆ ಕೆಳಗೆ ಇರಲೇಬೇಕು. "ಆ ಮಣ್ಣು? ಆ ಮಣ್ಣು ಏನು ಮಾಡೀರಿ?"

"ಅಷ್ಟು ಚಲೋ ಎರಿಮಣ್ಣು ಚೆಲ್ಲತಾರೇನು? ಬಿಲ್ವಪತ್ರಿ ಕುಂಡಕ್ಕ ಸುರುವಿದೆ."

"ನೀರು ಹಾಕೀರೇನು ಅದಕ್ಕ?"

"ಮಳಿ ಬರೋಹಂಗ ಇತ್ತು. ಬಿಟ್ಟೆ."

ಗುರುಲಿಂಗಮ್ಮನಿಗೆ ಹೋದ ಜೀವ ಬಂದಂತಾಯಿತು. ಹಿತ್ತಲ ಮೂಲೆಯಲ್ಲಿ ಒಡೆದ ಬಕೆಟ್ಟೇ ಕುಂಡವಾಗಿ, ಅದರಲ್ಲಿ ಮೊಣಕಾಲೆತ್ತರದ ಬಿಲ್ವದ ಸಸಿ. ಕುಂಡದಲ್ಲಿದ್ದದ್ದು ಕೆಂಪು ಮಸಾರಿ ಮಣ್ಣು. ಅದರ ಮೇಲೆ ಹಸಿ ಎರೆಮಣ್ಣು ಹೆಂಟೆಯಾಗಿಯೇ ಬಿದ್ದಿತ್ತು. ಒಡೆದಿರಲಿಲ್ಲ. ಇನ್ನೂ ಬೆಳಕಿತ್ತು, ಮೋಡ ಮಾತ್ರ ಕವಿಯುತ್ತಿತ್ತು. ಅತ್ತೆ ಸೊಸೆ ಇಬ್ಬರೂ ಕುಂಡದ ಎರಡು ಬದಿಗೆ ಕೂತರು. ಒಬ್ಬಳು ಸಸಿಯನ್ನು ಬಾಗಿಸಿ ಹಿಡಿದಳು, ಇನ್ನೊಬ್ಬಳು ಚಹಾ ಚಮಚದಿಂದ ಹೆಂಟೆಯನ್ನು ಅಂಚಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದಳು. ಅಷ್ಟರಲ್ಲಿ ಅಂಗಡಿ ಮುಚ್ಚಿ ಬಂದ ಉದಯಕುಮಾರ, "ಏನು ಬಂಗಾರ ಹೂಳಿಟ್ಟೀರೇನು?" ಎಂದು ಹತ್ತಿರ ಬಂದ. ಬುಗ್ಗಮ್ಮ ಕೈ ಅಡ್ಡ ಹಿಡಿದಳು. "ಅಲ್ಲೇ ನಿಂದ್ರು. ನಿನ್ನ ಮೈಮ್ಯಾಲೆಲ್ಲ ಔಷಧಿ ವಾಸನಿ."

ಚಮಚದ ತುದಿಗೆ ಮೊದಲು ಸಿಕ್ಕಿದ್ದು ಒಂದು ಸಣ್ಣ ಪೊಳ್ಳು. ಪೊಳ್ಳಿನೊಳಗೆ ಕೆಂಪು. ಕೆಂಪಿನ ಪಕ್ಕದಲ್ಲಿ ರವೆಗಿಂತ ಸಣ್ಣ ಕಿತ್ತಳೆ ಬಣ್ಣದ ಕಾಳುಗಳ ಗುಂಪು. ಹೊಟ್ಟೆ ಇಳಿದು ಸೊರಗಿದ್ದ ಆರಿದ್ರವ್ವ ತನ್ನ ತತ್ತಿಗಳ ಮಗ್ಗುಲಲ್ಲಿ ಕಾಲು ಮಡಚಿಕೊಂಡು ಕೂತಿದ್ದಳು. ಗುರುಲಿಂಗಮ್ಮ ಇನ್ನಷ್ಟು ಬಗ್ಗಿ ನೋಡಿದಳು. ಮುಂದಿನ ಕಾಲೊಂದು ಅಲುಗಿತು.

"ಹಡದಾಳ" ಎಂದಳು ಬುಗ್ಗಮ್ಮ ಮೆಲ್ಲಗೆ. "ಮನ್ಯಾಗ ಹಡದಾಳ. ಹೊಲಕ್ಕ ಹೋಗಿಲ್ಲ."

ಅಲ್ಲಿಂದ ಮುಂದೆ ಆ ಬಾಟಲಿ ಗುರುಲಿಂಗಮ್ಮನದಾಗಿ ಉಳಿಯಲಿಲ್ಲ. ಆಡಳಿತ ಬುಗ್ಗಮ್ಮನ ಕೈಗೆ ಹೋಯಿತು. ಹೆಂಟೆಯ ಸಮೇತ ತಾಯಿಯನ್ನೂ ತತ್ತಿಗಳನ್ನೂ ಬಾಟಲಿಗೆ ಇಳಿಸಿ, ತುಪ್ಪದ ಗಡಿಗೆಗೆ ಇರುವೆ ಬಾರದಂತೆ ಇಡುವ ಹಾಗೆ ನೀರಿನ ತಟ್ಟೆಯ ನಡುವೆ ಇಡಲಾಯಿತು. ಸುತ್ತಲೂ ಬುಗ್ಗಮ್ಮನ ಹಳೆಯ ಸೀರೆಯ ಮೆತ್ತನೆ ತುಂಡು, ಗಾಳಿ ಬಡಿಯಬಾರದೆಂದು. ಊದುಬತ್ತಿ ಹಚ್ಚುವುದು ನಿಂತಿತು; ಶಿವನಿಗೆ ಅಷ್ಟು ದಿನ ಬರೀ ಹೂವು. ಉದಯಕುಮಾರ ಅಂಗಡಿಯಿಂದ ಬಂದರೆ ಹಿತ್ತಲ ಬಾಗಿಲಿನಿಂದಲೇ ಬರಬೇಕು, ಅಂಗಿ ಹೊರಗೆ ಬಿಚ್ಚಬೇಕು, ಸಾಬೂನು ಹಚ್ಚಿ ಸ್ನಾನ ಮಾಡಿ ಆಮೇಲೆ ಒಳಗೆ.

"ಯವ್ವಾ, ಉಮಾಶ್ರೀ ಹುಟ್ಟಿದಾಗ್ಲೂ ನನಗ ಇಷ್ಟು ಕಾಡಿದ್ದಿಲ್ಲ ನೀನು" ಎಂದು ಅವನು ತಲೆಯ ಮೇಲೆ ಚೊಂಬು ಹಿಡಿದುಕೊಂಡೇ ಗೊಣಗಿದ.

"ಆಗ ನೀ ನುಸಿ ಔಷಧಿ ಮಾರ್ತಿದ್ದಿಲ್ಲ" ಎಂದು ಒಳಗಿನಿಂದ ಉತ್ತರ ಬಂತು.

ಹಿಂದೆ ಬಾಟಲಿಯ ಮುಂದೆ ಗುರುಲಿಂಗಮ್ಮ ಒಬ್ಬಳೇ ಕೂರುತ್ತಿದ್ದಳು. ಈಗ ಸಂಜೆ ಚಹಾ ಹಿಡಿದು ಇಬ್ಬರೂ ಕೂರುತ್ತಿದ್ದರು. ಒಂದು ದಿನ ಬುಗ್ಗಮ್ಮ ಕೇಳಿದಳು, "ಅಲ್ಲಬೇ, ಅಷ್ಟು ದೂರದ ಆ ಸಾಹೇಬರಿಗೆ ಇದರ ಬಗ್ಗೆ ಏನು ತಿಳೀಬೇಕಾಗೈತಿ?"

"ಇದರ ಬೆಡಗ ಯಾವುದಂತ ತಿಳೀಬೇಕಾಗೈತಿ ಅತ್ತಿ."

ಅಷ್ಟು ಸಾಕಾಯಿತು. ಬುಗ್ಗಮ್ಮ ಚಹಾದ ಬಟ್ಟಲು ಕೆಳಗಿಟ್ಟು ಸರಿಯಾಗಿ ಕೂತಳು. ಸೊಸೆ ಬೆರಳು ಮಡಚಿ ಹೇಳುತ್ತ ಹೋದಳು. ಚೇಳು, ಜೇಡ, ಉಣ್ಣಿ, ನುಸಿ ಎಲ್ಲ ಒಂದೇ ದೊಡ್ಡ ಬಳಗ. ಅದರಲ್ಲಿ ನುಸಿಗಳದೊಂದು ಪಂಗಡ. ಆ ಪಂಗಡದಲ್ಲಿ ಮಖಮಲ್ಲಿನ ಮೈಯವರದೊಂದು ಮನೆತನ, ಅದೇ ಟ್ರಾಂಬಿಡಿಡೇ. ಆ ಮನೆತನದಲ್ಲಿ ಬೆಡಗುಗಳು ಹಲವು. ನಮ್ಮ ಹೊಲದವಳು ಯಾವ ಬೆಡಗಿನವಳೆಂದು ಯಾರೂ ಕೂತು ವಿಚಾರಿಸಿಲ್ಲ. ಹಳಬರು ಎಲ್ಲ ಕೆಂಪು ಸೀರೆಯವರನ್ನೂ ಟ್ರಾಂಬಿಡಿಯಂ ಎಂದು ಒಂದೇ ಹೆಸರಿನಲ್ಲಿ ಕೂಗಿಬಿಟ್ಟರು.

"ತಾಯಿ ಮಾರಿ ನೋಡಿ ಹೇಳಾಕ ಬರಂಗಿಲ್ಲೇನು?"

"ದೊಡ್ಡವರಾದ ಮ್ಯಾಲೆ ಎಲ್ಲಾರೂ ಒಂದ ನಮೂನಿ ಕಾಣ್ತಾರರಿ. ಮಕ್ಕಳು ಸಣ್ಣವಿದ್ದಾಗ ಗುರುತು ಸ್ಪಷ್ಟ."

ಬುಗ್ಗಮ್ಮ ತಲೆದೂಗಿದಳು. "ಖರೆ ಐತಿ. ನಾನೂ ಕನ್ಯಾ ನೋಡಾಕ ಹೋದ್ರ ಆ ಮನಿ ಸಣ್ಣ ಹುಡುಗರನ್ನ ನೋಡ್ತೀನಿ. ದೊಡ್ಡವ್ರು ಎಲ್ಲಾ ಮುಚ್ಚಿಡ್ತಾರ."

ಮುಂದಿನ ವಾರಗಳು ನಿಧಾನವಾಗಿ ಕಳೆದವು. ಗುರುಲಿಂಗಮ್ಮ ಬಸ್ಸಿನಲ್ಲಿ ಕೂತರೂ ಮನಸ್ಸು ಮನೆಯಲ್ಲಿ. ಮಣ್ಣು ಒಣಗಿತೋ, ಬೂಸಲು ಬಂತೋ ಎಂದು ಮಧ್ಯಾಹ್ನ ಫೋನು ಮಾಡಿದರೆ ಅತ್ತೆ, "ಬಾಣಂತಿ ಮಲಗ್ಯಾಳ, ಒದರಬ್ಯಾಡ" ಎಂದು ಇಟ್ಟುಬಿಡುತ್ತಿದ್ದಳು. ಒಂದು ದಿನ ತತ್ತಿಗಳ ಮೇಲೆ ಬಿಳಿ ಎಳೆಯೊಂದು ಕಂಡು ಗುರುಲಿಂಗಮ್ಮನಿಗೆ ಅಳುವೇ ಬಂತು. ಒದ್ದೆ ಕುಂಚದಿಂದ ಅದನ್ನು ತೆಗೆದು, ಬಾಟಲಿಯ ಬಟ್ಟೆ ಬದಲಿಸಿ, ಕೈಜೋಡಿಸದೆ ಕೈಜೋಡಿಸಿದಂತೆ ಕೂತಳು. ಎಳೆ ಮತ್ತೆ ಬರಲಿಲ್ಲ.

ಶ್ರಾವಣ ಬಂತು. ಒಂದು ಬೆಳಿಗ್ಗೆ ಗುರುಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದಾಗ ಒಳಕೋಣೆಯಿಂದ ಬುಗ್ಗಮ್ಮನ ದನಿ ಏರಿತು. "ಬಾಟ್ಲಿ ಒಳಗ ಕುಂಕುಮ ಚೆಲ್ಲಿದವ್ರ್ಯಾರು? ಉದಯಾ, ನೀನೇನು?"

ಚೆಲ್ಲಿದವರು ಯಾರೂ ಇಲ್ಲ. ಗುರುಲಿಂಗಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಗಾಜಿನ ಒಳಮೈಗೆ ಕೆಂಪು ಧೂಳು ಅಂಟಿತ್ತು, ಮತ್ತು ಆ ಧೂಳು ನಡೆಯುತ್ತಿತ್ತು.

ಅಂದು ಅವಳು ಕಾಲೇಜಿಗೆ ಹೋಗಲಿಲ್ಲ. ಸೂಕ್ಷ್ಮದರ್ಶಕವನ್ನು ಅಲ್ಲಿಂದ ಮೊದಲೇ ಕೇಳಿ ತಂದಿಟ್ಟುಕೊಂಡಿದ್ದಳು. ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಇಟ್ಟು, ತಾನು ನೋಡಿ, ಆಮೇಲೆ ಅತ್ತೆಯನ್ನು ಕೂರಿಸಿದಳು. ಬುಗ್ಗಮ್ಮ ಒಂದು ಕಣ್ಣು ಮುಚ್ಚುವ ಬದಲು ಎರಡೂ ಮುಚ್ಚಿದಳು, ಬೈಸಿಕೊಂಡಳು, ಕೊನೆಗೆ ಸರಿಯಾಗಿ ಇಣುಕಿದಳು. ಬೆರಳು ಮಡಚಿ ಎಣಿಸಿದಳು.

"ಗುರುಲಿಂಗಿ, ಇದಕ್ಕ ಆರ ಕಾಲು ಅದಾವ. ತಾಯಿಗೆ ಎಂಟು ಅಂತಿದ್ದಿ. ಇದು ಆಕಿ ಕೂಸು ಹೌದೋ ಅಲ್ಲೋ?"

"ಆಕೀದ ಐತರಿ. ಹುಟ್ಟಿದಾಗ ಆರು, ಬೆಳೀತ ಎರಡು ಬರ್ತಾವ. ಮಿಡಚಿ ಮೈಗೆ ಅಂಟಿಕೊಂಡು ಬೆಳೀತಾವ ಇವು."

"ತವರು ಬಿಟ್ಟು ಹೋಗಿಯೇ ಬೆಳೀಬೇಕು ಅನ್ನು" ಎಂದಳು ಬುಗ್ಗಮ್ಮ, ಕಣ್ಣು ತೆಗೆಯದೆ.

ತಾಯಿ ಎದ್ದಿರಲಿಲ್ಲ. ತತ್ತಿಯ ಸಿಪ್ಪೆಗಳ ಪಕ್ಕದಲ್ಲಿ, ಬಣ್ಣ ಸ್ವಲ್ಪ ಮಾಸಿ, ತನ್ನಷ್ಟಕ್ಕೆ ತಾನು ಮುಗಿದು ಹೋಗಿದ್ದಳು. ಆ ಜಾತಿಯಲ್ಲಿ ಹಾಗೆ ಆಗುವುದುಂಟು ಎಂದು ಗುರುಲಿಂಗಮ್ಮ ಹೇಳಿದಳು. ಬುಗ್ಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಸ್ಪಿರಿಟ್ ಸೀಸೆ ನೋಡಿ ಕೇಳಿದಳು, "ಹೆಸರು ಸಿಗಬೇಕಂದ್ರ ಮಕ್ಕಳೂ ಇದರಾಗ ಹೋಗಬೇಕೇನು?"

"ಕೆಲವು ಹೋಗಬೇಕರಿ."

ಮುದುಕಿ ಬಾಟಲಿಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಸೊಸೆ ಕುಂಚ ಎತ್ತಲಿಲ್ಲ. ಬೇಡ ಎಂದರೆ ಏನು ಮಾಡುವುದು ಎಂದು ಗುರುಲಿಂಗಮ್ಮನಿಗೆ ಆ ಗಳಿಗೆ ನಿಜಕ್ಕೂ ತಿಳಿಯಲಿಲ್ಲ.

"ಬೇಕಾದಷ್ಟ ತೊಗೊ" ಎಂದಳು ಬುಗ್ಗಮ್ಮ. "ಹೆಚ್ಚು ಬ್ಯಾಡ. ಉಳಿದವ್ರನ್ನ ಹೊಲಕ್ಕ ಬಿಡೋಣು. ಈ ಸಲ ಇಬ್ರೂ ಹೋಗೋಣು."

ಹಾಗೆಯೇ ಆಯಿತು. ತಾಯಿಯೂ ಕೆಲವು ಮಕ್ಕಳೂ ಚಂದ್ರಕಾಂತ್ ಅವರ ವಿಳಾಸಕ್ಕೆ ಹೋದವು. ಉಳಿದ ಮಕ್ಕಳು ತಾಯಣ್ಣನ ಆಟೋದಲ್ಲಿ, ಇಬ್ಬರು ಹೆಂಗಸರ ನಡುವೆ, ಮಡಿಲಲ್ಲಿ ಬಾಟಲಿಯಾಗಿ ಹೊಲಕ್ಕೆ ಹೋದವು. ತೊಗರಿ ಮೊಣಕಾಲಿಗೆ ಬಂದಿತ್ತು, ಬದುವಿನ ಹುಲ್ಲಿನಲ್ಲಿ ಮರಿಗಳು ಅಂಟಿಕೊಳ್ಳಬೇಕಾದ ಮಿಡತೆಗಳು ಚಿಮ್ಮುತ್ತಿದ್ದವು. ಬುಗ್ಗಮ್ಮನಿಗೆ ಬಗ್ಗಲಾಗಲಿಲ್ಲ. ಪಾಠದ ಮೇಜಿನ ಮೇಲೆ ಇಷ್ಟು ವರ್ಷ ಹುಳ ಕೊಯ್ದು ತೋರಿಸಿದ ಗುರುಲಿಂಗಮ್ಮನೇ ಮೊಣಕಾಲೂರಿ, ಅರಿಷಿಣ ಕುಂಕುಮ ತೋರಿಸಿ, ನಾಲ್ಕು ಜೋಳದ ಕಾಳು ಹಾಕಿ, ಬಾಟಲಿಯನ್ನು ಹುಲ್ಲಿನ ಮೇಲೆ ಮಲಗಿಸಿದಳು. "ಹೋಗಿ ಬರ್ರವ್ವಾ" ಎಂದಳು. ಅತ್ತೆ ಹೇಳಿಕೊಟ್ಟಿರಲಿಲ್ಲ, ಬಾಯಿಗೆ ಬಂತು.

ಚಂದ್ರಕಾಂತ್ ಅವರ ಫೋನು ದಸರೆಯ ಹೊತ್ತಿಗೆ ಬಂತು. ಮರಿಗಳು ಚೊಕ್ಕವಾಗಿವೆ, ತಾಯಿಯೂ ಸರಿಯಾಗಿದೆ, ಟ್ರಾಂಬಿಡಿಯಂ ಅಲ್ಲವೇ ಅಲ್ಲ, ಡೈನೋತ್ರಾಂಬಿಯಂ ಎನ್ನುವ ಕುಲ ಎಂದರು. ಕುಲದೊಳಗಿನ ಜಾತಿಯ ಹೆಸರಿಗೆ ಇನ್ನೂ ನೋಡಬೇಕು, ತೋಟಕ್ಕೆ ಹೋದ ಮೇಲೂ ಇದನ್ನು ಮಾತ್ರ ಬಿಡುವುದಿಲ್ಲ ಎಂದರು. "ತುಂಬ ಚೆನ್ನಾಗಿ ಸಾಕಿದ್ದೀರಿ. ಯಾವ ಲ್ಯಾಬಿನಲ್ಲಿ?" ಎಂದು ಕೇಳಿದರು. ಗುರುಲಿಂಗಮ್ಮ ನಕ್ಕಳು.

ಒಂದು ಜೊತೆ ಮರಿಗಳನ್ನು ಅವರು ಕಾಲೇಜಿನ ಕಪಾಟಿಗೆಂದು ವಾಪಸ್ಸು ಕಳಿಸಿದ್ದರು. ಭಾನುವಾರ ಊಟವಾದ ಮೇಲೆ ಗುರುಲಿಂಗಮ್ಮ ಪಡಸಾಲೆಯಲ್ಲಿ ಕೂತು ಹೊಸ ಚೀಟಿ ಬರೆಯಲು ಶುರು ಮಾಡಿದಳು. ಬೆರಳ ಗಾತ್ರದ ಚೀಟಿ, ಸೀಸೆಯೊಳಗೆ ಹೋಗಬೇಕಾದ್ದು. ಮೊದಲು ಕುಟುಂಬ, ಅದರ ಕೆಳಗೆ ಕುಲ. ಪಕ್ಕದಲ್ಲಿ ಯಾವ ಚಿಹ್ನೆಯೂ ಇಲ್ಲ. ಬಾಲಯ್ಯ ಸರ್ ಇಲ್ಲಿದ್ದಿದ್ದರೆ ಕನ್ನಡಕ ಹಣೆಗೇರಿಸುತ್ತಿದ್ದರು ಎನ್ನಿಸಿ ಅವಳಿಗೆ ಒಳಗೊಳಗೇ ಸಂತೋಷವಾಯಿತು. ಬುಗ್ಗಮ್ಮ ಅಡಿಕೆ ಕತ್ತರಿಸುತ್ತ ಕೂತಿದ್ದಳು.

"ಏನೇನು ಬರದಿ? ಓದು."

ಗುರುಲಿಂಗಮ್ಮ ಓದಿದಳು. ಮನೆತನ ಇಂಥದ್ದು, ಬೆಡಗು ಇಂಥದ್ದು, ಸಾಕಿದವರು ಬುಗ್ಗಮ್ಮ ಮತ್ತು ಗುರುಲಿಂಗಮ್ಮ, ಹುಟ್ಟಿದ ಸ್ಥಳ ಮಕ್ತಲ್.

ತನ್ನ ಹೆಸರು ಕೇಳಿ ಮುದುಕಿಯ ಅಡಕತ್ತರಿ ಒಂದು ಗಳಿಗೆ ನಿಂತಿತು. ಆದರೆ ಅವಳ ತಕರಾರು ಬೇರೆಯೇ ಇತ್ತು.

"ಬರೇ ಮಕ್ತಲ್ ಅಂದ್ರ ಹೆಂಗಬೇ? ಮಕ್ತಲ್‌ದಾಗ ಎಷ್ಟೋ ಮನಿ ಅದಾವ. ತವರಮನಿ ಅಂತ ಬರಿ."

ಚೀಟಿಯಲ್ಲಿ ಅಷ್ಟು ಜಾಗವಿರಲಿಲ್ಲ. ಅಂಥ ಪದವನ್ನು ಯಾವ ಕಪಾಟಿನ ಚೀಟಿಯಲ್ಲೂ ಯಾರೂ ಬರೆದದ್ದಿಲ್ಲ. ಗುರುಲಿಂಗಮ್ಮ ಅತ್ತೆಯ ಮುಖ ನೋಡಿದಳು, ಚೀಟಿ ತಿರುಗಿಸಿದಳು, ಅಕ್ಷರ ಆದಷ್ಟು ಸಣ್ಣದು ಮಾಡಿ ಬರೆದಳು.